ಸೈಕಲ್ ಕಲಿಸುವವರಿದ್ದಾರೆ, ಬೀಳುವುದನ್ನು ಕಲಿಸುವವರು ಯಾರು?

ತಡವಾಗಿ ಕಲಿತವಳು, ಮೈಸೂರು

ನನಗೆ ಈಗ ನಲವತ್ತೇಳು. ಚಿಕ್ಕಂದಿನಲ್ಲಿ ಅಣ್ಣಂದಿರು ಗಂಟೆಗೆ ಐವತ್ತು ಪೈಸೆ ಕೊಟ್ಟು ಬಾಡಿಗೆ ಸೈಕಲ್ ತಂದು ಒಳಪೆಡಲು ತುಳಿಯುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದದ್ದು ಹಿಂದೆ ಓಡುವ ಕೆಲಸ. 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್‌ಗಳು ಬಂದಾಗ ಆಸೆ ಮತ್ತೆ ಚಿಗುರಿತು, ಧೈರ್ಯ ಬರಲು ಇನ್ನಷ್ಟು ವರ್ಷ ಹಿಡಿಯಿತು. ಕಳೆದ ದೀಪಾವಳಿಯ ಮರುವಾರ ಕಲಿಯಲು ಶುರು ಮಾಡಿದೆ. ಸಮತೋಲ ಬಂತು, ತಿರುವು ಬಂತು, ಒಂದು ಕೈ ಬಿಟ್ಟು ಮೂಗು ತುರಿಸಿಕೊಳ್ಳುವುದೂ ಬಂತು.

ಕಳೆದ ಗುರುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಹತ್ತಿರದ ತಿರುವಿನಲ್ಲಿ ಯಾರೋ ಕಟ್ಟಡ ಕೆಲಸಕ್ಕೆ ಸುರಿದ ಮರಳು ರಸ್ತೆಗೆ ಹರಡಿತ್ತು. ಮುಂದಿನ ಚಕ್ರ ಜಾರಿತು. ವೇಗ ಏನೂ ಇರಲಿಲ್ಲ, ನಡೆಯುವವರು ನನ್ನನ್ನು ಹಿಂದೆ ಹಾಕಬಹುದಿತ್ತು. ಬಲಗೈಯನ್ನು ನೆಲಕ್ಕೆ ಊರಿಬಿಟ್ಟೆ. ಮಣಿಕಟ್ಟು ಊದಿಕೊಂಡಿತು. ಎಕ್ಸ್‌ರೇ ತೆಗೆಸಿದಾಗ ಮುರಿದಿಲ್ಲ, ಉಳುಕಿದೆ ಎಂದರು.

ಬೀಳದೆ ಇರುವುದು ಹೇಗೆ ಎಂದು ಹೇಳುವವರು ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ, ಮನೆಯಲ್ಲೇ ನಾಲ್ವರಿದ್ದಾರೆ. ನನ್ನ ಪ್ರಶ್ನೆ ಬೇರೆ. ಬೀಳುವುದಂತೂ ಖಂಡಿತ ಎಂದಾದರೆ, ಕಡಿಮೆ ಪೆಟ್ಟಾಗುವಂತೆ ಬೀಳುವುದನ್ನು ಕಲಿಯಲು ಸಾಧ್ಯವೇ? ಯಾರಾದರೂ ಕಲಿತಿದ್ದೀರಾ?

ಎರಡು ಗಾಲಿ, ಬೆಂಗಳೂರು

ಬೀಳುವುದಕ್ಕೂ ತರಬೇತಿಯೇ? ನಮ್ಮೂರಿನ ರಸ್ತೆಗಳು ಅದನ್ನು ಉಚಿತವಾಗಿ ಕೊಡುತ್ತಿವೆ.

ಪ್ಲಾಸ್ಟರ್ ಮಾಮ, ದಾವಣಗೆರೆ

ತಮಾಷೆ ಆಮೇಲೆ. ಮೊದಲು ಪ್ರಶ್ನೆ ಕೇಳಿದವರಿಗೆ ಒಂದು ಮಾತು. ನಾನು ಮೂಳೆ ವೈದ್ಯ. ಹೆಬ್ಬೆರಳನ್ನು ಮೇಲಕ್ಕೆತ್ತಿ ಚಾಚಿ. ಅದರ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ, ಎರಡು ನರಗಳಂತೆ ಕಾಣುವ ಸ್ನಾಯುಹುರಿಗಳ ನಡುವೆ ಒಂದು ಚಿಕ್ಕ ಗುಳಿ ಬೀಳುತ್ತದೆ. ಅಲ್ಲಿ ಬೆರಳಿನಿಂದ ಒತ್ತಿ ನೋಡಿ. ಜೀವ ಹೋಗುವಂತೆ ನೋವಾದರೆ ಉಳುಕು ಎಂದು ಸುಮ್ಮನಿರಬೇಡಿ.

ಅಲ್ಲಿ ಸ್ಕಾಫಾಯ್ಡ್ ಎಂಬ ಗೋಡಂಬಿ ಆಕಾರದ ಸಣ್ಣ ಮೂಳೆ ಇದೆ. ಚಾಚಿದ ಕೈಯ ಮೇಲೆ ಬಿದ್ದವರಲ್ಲಿ ಅದು ಬಿರುಕು ಬಿಡುವುದು ಸಾಮಾನ್ಯ, ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆ ಇರುವುದೂ ಸಾಮಾನ್ಯ. ಹತ್ತರಿಂದ ಹದಿನಾಲ್ಕು ದಿನಗಳ ನಂತರ ಮತ್ತೆ ತೆಗೆಸಬೇಕು, ಅಥವಾ ಎಂಆರ್‌ಐ ಮಾಡಿಸಬೇಕು. ಅಲ್ಲಿಯವರೆಗೆ ಮುರಿದಿದೆ ಎಂದೇ ತಿಳಿದು ಪಟ್ಟಿ ಹಾಕಿಸಿಕೊಳ್ಳುವುದು ಒಳ್ಳೆಯದು. ಈ ಮೂಳೆಗೆ ರಕ್ತ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಅದು ಸಾಯಬಹುದು. ಎರಡು ವರ್ಷ ಬಿಟ್ಟು ಬಂದು ‘ಡಾಕ್ಟರೇ, ಬಿಂದಿಗೆ ಎತ್ತಲು ಆಗುತ್ತಿಲ್ಲ’ ಎನ್ನುವವರನ್ನು ನೋಡಿ ನೋಡಿ ಸಾಕಾಗಿದೆ.

ಗುಮ್ಮಟದ ಗಾಳಿ, ವಿಜಯಪುರ

ಡಾಕ್ಟರು ಹೇಳಿದ್ದನ್ನು ಮಾಡಿ. ಉಳಿದದ್ದಕ್ಕೆ ನನ್ನ ಉತ್ತರ: ಕಲಿಯಬಹುದು.

ನಮ್ಮ ಜಿಲ್ಲೆ, ಪಕ್ಕದ ಬಾಗಲಕೋಟೆ ಎರಡೂ ಸೈಕಲ್ ಸವಾರರ ಸೀಮೆ. ಹದಿನಾಲ್ಕನೇ ವಯಸ್ಸಿನಿಂದ ಹತ್ತು ವರ್ಷ ಸ್ಪರ್ಧೆಗಳಲ್ಲಿ ಓಡಿಸಿದ್ದೇನೆ. ಗುಂಪಿನಲ್ಲಿ ಹೋಗುವಾಗ ನಿಮ್ಮ ಮುಂದಿನ ಚಕ್ರ ಮುಂದಿನವನ ಹಿಂದಿನ ಚಕ್ರಕ್ಕೆ ತಾಗಿದರೆ ಬೀಳುವವರು ನೀವೇ, ಅವನಿಗೆ ಗೊತ್ತೂ ಆಗುವುದಿಲ್ಲ. ಹಾಗೆ ಬಿದ್ದ ಮೊದಲ ಸಲವೇ ನನ್ನ ಗುರುಗಳು ಗಾಯ ನೋಡುವ ಮೊದಲು ಕೇಳಿದ್ದು, ‘ಹ್ಯಾಂಡಲ್ ಯಾಕೆ ಬಿಟ್ಟೆ?’ ಎಂದು.

ಅವರ ಪಾಠ ಇಷ್ಟೇ. ಹ್ಯಾಂಡಲ್ ಬಿಡಬೇಡ. ಮೊಣಕೈ ಒಳಗೆ. ಗದ್ದ ಎದೆಗೆ. ಕೈ ಹ್ಯಾಂಡಲ್ ಮೇಲಿದ್ದರೆ ನೆಲಕ್ಕೆ ಹೋಗುವುದಿಲ್ಲ, ನೆಲಕ್ಕೆ ಹೋಗದ ಮಣಿಕಟ್ಟು ಮುರಿಯುವುದಿಲ್ಲ. ಪಕ್ಕಕ್ಕೆ ಜಾರಿದರೆ ಸೈಕಲ್ ಜೊತೆಗೆ ನೀವೂ ಹೋಗಿ. ತೊಡೆ, ಸೊಂಟದ ಪಕ್ಕ, ಪಕ್ಕೆ, ತೋಳು, ಎಲ್ಲವೂ ಒಟ್ಟಿಗೆ ನೆಲ ಮುಟ್ಟಲಿ. ಚರ್ಮ ಹೋಗುತ್ತದೆ. ಹೋಗಲಿ, ಚರ್ಮ ಬೆಳೆಯುತ್ತದೆ.

ಪ್ಲಾಸ್ಟರ್ ಮಾಮ, ದಾವಣಗೆರೆ

ಅರ್ಧ ಒಪ್ಪುತ್ತೇನೆ. ಹ್ಯಾಂಡಲ್ ಹಿಡಿದೇ ಬಿದ್ದವರೂ ನನ್ನ ಬಳಿ ಬರುತ್ತಾರೆ, ಅವರ ಮಣಿಕಟ್ಟು ಚೆನ್ನಾಗಿಯೇ ಇರುತ್ತದೆ. ಮುರಿದಿರುವುದು ಕಾಲರ್‌ಬೋನ್. ಸೈಕಲ್ ಸ್ಪರ್ಧೆಗಳಲ್ಲಿ ಅತಿ ಹೆಚ್ಚು ಮುರಿಯುವ ಮೂಳೆಗಳಲ್ಲಿ ಅದು ಒಂದು. ಚಾಚಿದ ಕೈಯಿಂದ ಬಲ ಏರಿ ಬಂದು ಅದು ಮುರಿಯುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಆದರೆ ಹೆಚ್ಚಿನವು ಭುಜದ ತುದಿ ನೇರವಾಗಿ ನೆಲಕ್ಕೆ ಬಡಿದು ಆಗುವ ಮುರಿತಗಳು.

ಹಾಗಾಗಿ ‘ಹ್ಯಾಂಡಲ್ ಬಿಡಬೇಡ’ ಎಂಬುದು ಅರ್ಧ ಪಾಠ. ಭುಜದ ತುದಿ ನೆಲಕ್ಕೆ ತಾಗಬಾರದು ಎಂಬುದು ಇನ್ನರ್ಧ. ತಾಗಬೇಕಾದದ್ದು ಭುಜದ ಹಿಂಭಾಗ, ಹೆಗಲಹಲಗೆಯ ಮೇಲಿನ ಮಾಂಸ. ಇನ್ನೊಂದು ಮಾತು: ಕೈ ಮುಂದೆ ಬರುವುದು ಮುಖ ಉಳಿಸಲು. ಹಲ್ಲು ಉದುರಿಸಿಕೊಂಡು ಮಣಿಕಟ್ಟು ಉಳಿಸಿಕೊಂಡರೆ ಅದನ್ನು ಜಾಣತನ ಎನ್ನಲಾರೆ. ಕೈ ಬಂದೇ ಬರುತ್ತದೆ ಎಂದಾದರೆ ಮೊಣಕೈ ಮಡಚಿರಲಿ. ನೆಟ್ಟಗೆ ನಿಂತ ಕೈ ಊರುಗೋಲು, ಮಡಚಿದ ಕೈ ಸ್ಪ್ರಿಂಗ್.

ಲೆಕ್ಕದ ಪುಸ್ತಕ, ಸುರತ್ಕಲ್

ನನಗೆ ಈ ಇಡೀ ಚರ್ಚೆಯ ಬಗ್ಗೆಯೇ ಸಂಶಯವಿದೆ. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಹಿಡಿಯುವ ಸಮಯ 0.45 ಸೆಕೆಂಡ್. ಅದರಲ್ಲಿ ಏನೋ ಆಗುತ್ತಿದೆ ಎಂದು ಗೊತ್ತಾಗಿ ದೇಹ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಕಳೆಯುತ್ತದೆ. ಉಳಿದ ಕಾಲು ಸೆಕೆಂಡಿನಲ್ಲಿ ಮೊಣಕೈ ಒಳಗೆ, ಗದ್ದ ಎದೆಗೆ, ಹೆಗಲಹಲಗೆ ಕೆಳಗೆ ಎಂದು ನೆನಪಿಸಿಕೊಳ್ಳುವವರು ಯಾರು?

ಹಾಗೆಂದು ನಿಧಾನಕ್ಕೆ ಬಿದ್ದರೆ ಏನೂ ಆಗದು ಎಂದಲ್ಲ. ಸೀಟಿನ ಮೇಲೆ ಕುಳಿತಾಗ ನಿಮ್ಮ ತಲೆ ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. ನಿಂತಲ್ಲೇ ಬಿದ್ದರೂ ತಲೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡವಾದ ಇಎನ್ 1078ರಲ್ಲಿ ಹೆಲ್ಮೆಟ್ಟನ್ನು ಸಮತಟ್ಟಾದ ಕಬ್ಬಿಣಕ್ಕೆ ಬಡಿಸುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಆದ್ದರಿಂದ ‘ಇಲ್ಲೇ ಹಾಲಿನ ಬೂತಿನವರೆಗೆ’ ಎನ್ನುವವರಿಗೂ ಹೆಲ್ಮೆಟ್ ಬೇಕು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಎಸೆಯಿರಿ. ಒಳಗಿನ ಥರ್ಮೋಕೋಲ್ ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ.

ಕೆಂಪು ಮಣ್ಣು, ಮೈಸೂರು

ಲೆಕ್ಕದ ಪುಸ್ತಕದವರೇ, ಕಾಲು ಸೆಕೆಂಡಿನಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ. ದೋಸೆ ಹುಯ್ಯುವ ಕೈ ಕಾವಲಿಯ ಶಾಖವನ್ನು ನೆನಪಿಸಿಕೊಳ್ಳುತ್ತದೆಯೇ?

ನಾನು ಹುಡುಗನಾಗಿದ್ದಾಗ ಗರಡಿಮನೆಗೆ ಹೋಗುತ್ತಿದ್ದೆ. ಮೊದಲ ತಿಂಗಳು ಪಟ್ಟು ಕಲಿಸಲೇ ಇಲ್ಲ. ಮಟ್ಟಿಯ, ಅಂದರೆ ಕುಸ್ತಿ ಕಣದ, ಮಣ್ಣು ಅಗೆಯುವುದು, ಹದ ಮಾಡುವುದು, ಮತ್ತೆ ಬೀಳುವುದು. ಉಸ್ತಾದರು ಕಾಲು ಎಳೆಯುತ್ತಿದ್ದರು, ನಾವು ಬೀಳುತ್ತಿದ್ದೆವು. ತಲೆಯ ಹಿಂಭಾಗಕ್ಕೆ ಮಣ್ಣು ಅಂಟಿದ್ದರೆ ಮತ್ತೊಮ್ಮೆ ಬೀಳಿಸುತ್ತಿದ್ದರು. ಬೆನ್ನಿಗೆಲ್ಲ ಮಣ್ಣಾಗಿ ಹಿಂದಲೆ ಒಣಗಿದ್ದ ದಿನ ‘ನಾಳೆಯಿಂದ ಪಟ್ಟು’ ಎಂದರು. ‘ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು’ ಎಂದು ಊರಿನವರು ಹಂಗಿಸಲು ಹೇಳುತ್ತಾರೆ. ಗರಡಿಯಲ್ಲಿ ಅದು ಹಂಗಿನ ಮಾತಲ್ಲ, ಪಾಠದ ಮೊದಲ ಪುಟ.

ಐವತ್ತು ವರ್ಷಗಳ ನಂತರ, ಹೋದ ಮಳೆಗಾಲದಲ್ಲಿ, ಬಚ್ಚಲುಮನೆಯಲ್ಲಿ ಜಾರಿ ಬಿದ್ದೆ. ಹಿಂದಲೆ ಒಣಗಿಯೇ ಇತ್ತು. ಸೊಂಟದ ವಿಚಾರ ಕೇಳಬೇಡಿ.

ಲೆಕ್ಕದ ಪುಸ್ತಕ, ಸುರತ್ಕಲ್

ದೋಸೆಯ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ ಒಂದು ತಿಂಗಳು ದಿನವೂ ಬಿದ್ದದ್ದರಿಂದ ಬಂದದ್ದು ಅದು. ಇಲ್ಲಿ ಓದಿ ನಾಳೆ ಬಿದ್ದರೆ ಬರುವುದಿಲ್ಲ ಎಂಬ ನನ್ನ ಮಾತು ಹಾಗೆಯೇ ನಿಲ್ಲುತ್ತದೆ.

ಚಾಪೆಯ ಮೇಲೆ, ಬೆಳಗಾವಿ

ನಿಲ್ಲಲಿ, ಅದು ಸರಿಯಾದ ಮಾತೇ. ನಾನು ಶಾಲೆಯ ಹೆಣ್ಣುಮಕ್ಕಳಿಗೆ ಜೂಡೊ ಕಲಿಸುತ್ತೇನೆ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದು ಕಟ್ಟಿದ ವಿದ್ಯೆ ಇದು. ಇದರಲ್ಲಿ ಬೀಳುವುದಕ್ಕೆ ‘ಉಕೆಮಿ’ ಎಂಬ ಹೆಸರೇ ಇದೆ. ಎಸೆಯುವುದನ್ನು ಕಲಿಯುವ ಮೊದಲು ಎಸೆಸಿಕೊಳ್ಳುವುದನ್ನು ಕಲಿಯಬೇಕು.

ನಾನು ಕಲಿಸುವ ಕ್ರಮ ಹೀಗೆ. ಮೊದಲ ದಿನ ಕುಕ್ಕರಗಾಲಲ್ಲಿ ಕುಳಿತು ಗದ್ದವನ್ನು ಎದೆಗೆ ಒತ್ತಿ, ಸೊಂಟದ ಪಟ್ಟಿಯ ಗಂಟನ್ನೇ ನೋಡುತ್ತಾ ಹಿಂದಕ್ಕೆ ಉರುಳುವುದು. ಉರುಳುವಾಗ ಬಾಯಿಯಿಂದ ಉಸಿರು ಹೊರಗೆ. ಉಸಿರು ಬಿಗಿಹಿಡಿದರೆ ಮೈ ಹಲಗೆಯಾಗುತ್ತದೆ. ಒಂದು ವಾರದ ನಂತರ ಅದನ್ನೇ ಪಕ್ಕಕ್ಕೆ. ಸೈಕಲ್ ಸವಾರರಿಗೆ ಅತಿ ಹೆಚ್ಚು ಬೇಕಾದದ್ದು ಈ ಪಕ್ಕದ ಬೀಳು. ಪಿಂಡಿ ಮೊದಲು, ನಂತರ ತೊಡೆ, ಪಿರ್ರೆ, ಪಕ್ಕೆ, ಹೆಗಲು, ಗಾಡಿಯ ಚಕ್ರ ಉರುಳಿದ ಹಾಗೆ ಒಂದರ ಹಿಂದೆ ಒಂದು. ಮುಂದಕ್ಕೆ ಉರುಳುವುದು ಕೊನೆಗೆ. ಒಂದು ಮೊಣಕಾಲೂರಿ, ಕೈಯನ್ನು ಕಮಾನಿನಂತೆ ಬಾಗಿಸಿ, ಕಿರುಬೆರಳಿನ ಅಂಚಿನಿಂದ ಶುರುವಾಗಿ ಮುಂಗೈ, ಹೆಗಲಿನ ಹಿಂಭಾಗ, ಅಲ್ಲಿಂದ ಬೆನ್ನಿನ ಮೇಲೆ ಅಡ್ಡಲಾಗಿ ಎದುರು ಬದಿಯ ಸೊಂಟಕ್ಕೆ. ಬೆನ್ನುಮೂಳೆಯ ಮೇಲೆ ನೇರವಾಗಿ ಅಲ್ಲ, ಜನಿವಾರ ಇಳಿದ ಹಾಗೆ ಓರೆಯಾಗಿ. ತಲೆ ನೆಲವನ್ನು ಮುಟ್ಟಲೇಬಾರದು.

ಒಂದು ಎಚ್ಚರಿಕೆ. ಜೂಡೊದಲ್ಲಿ ಬೀಳುವಾಗ ಅಂಗೈಯಿಂದ ಚಾಪೆಗೆ ಬಡಿಯುತ್ತೇವೆ. ಅದನ್ನು ಡಾಂಬರಿನ ಮೇಲೆ ಮಾಡಬೇಡಿ. ಅಂಗೈಯ ಚರ್ಮ ಅಲ್ಲೇ ಉಳಿಯುತ್ತದೆ.

ಗುಮ್ಮಟದ ಗಾಳಿ, ವಿಜಯಪುರ

ಚಾಪೆಯಿಂದ ಸೈಕಲ್‌ಗೆ ಬರುವುದು ಹೇಗೆ ಎಂದು ನಾನು ಸೇರಿಸುತ್ತೇನೆ. ದಪ್ಪ ಹುಲ್ಲಿರುವ ಮೈದಾನ ಹುಡುಕಿ, ಮಳೆ ಬಿದ್ದ ಮರುದಿನವಾದರೆ ಇನ್ನೂ ಒಳ್ಳೆಯದು. ಸೀಟನ್ನು ಪೂರ್ತಿ ಇಳಿಸಿ. ಜೇಬಿನಲ್ಲಿ ಬೀಗದ ಕೈ, ಮೊಬೈಲ್ ಏನೂ ಬೇಡ. ಉದ್ದ ತೋಳಿನ ಅಂಗಿ, ಕೈಗವಸು. ನಿಂತ ಸೈಕಲ್ಲಿನಲ್ಲಿ ಒಂದು ಕಾಲು ಪೆಡಲಿನ ಮೇಲಿಟ್ಟು ಎರಡೂ ಕೈ ಹ್ಯಾಂಡಲ್ ಮೇಲಿಟ್ಟುಕೊಂಡೇ ಪಕ್ಕಕ್ಕೆ ವಾಲಿ ಬೀಳಿ. ಹತ್ತು ಸಲ ಸಾಕು, ಎರಡು ದಿನ ಬಿಟ್ಟು ಮತ್ತೆ ಹತ್ತು ಸಲ.

ಯಾವ ಪಕ್ಕಕ್ಕೆ? ಎಡಕ್ಕೆ. ಸರಪಳಿ, ಹಲ್ಲುಚಕ್ರ, ಗೇರು ಎಲ್ಲವೂ ಬಲಕ್ಕಿವೆ. ಬಲಕ್ಕೆ ಬಿದ್ದರೆ ಹಲ್ಲುಚಕ್ರ ಪಿಂಡಿಯನ್ನು ಕಚ್ಚುತ್ತದೆ, ಗೇರಿನ ಕೊಕ್ಕೆ ಬಾಗುತ್ತದೆ. ಜೊತೆಗೆ ನಮ್ಮ ದೇಶದಲ್ಲಿ ಎಡಕ್ಕೆ ಬಿದ್ದರೆ ರಸ್ತೆಯ ಅಂಚಿಗೆ ಬೀಳುತ್ತೀರಿ, ಬಲಕ್ಕೆ ಬಿದ್ದರೆ ಲಾರಿಯ ದಾರಿಗೆ. ಆಯ್ಕೆ ಸಿಗುವುದು ಅಪರೂಪ, ಆದರೆ ನಿಧಾನದ ಬೀಳುಗಳಲ್ಲಿ ಸಿಗುತ್ತದೆ.

ಎರಡು ಗಾಲಿ, ಬೆಂಗಳೂರು

ಈಗ ನನ್ನ ಮಾನ ಹರಾಜು ಹಾಕುತ್ತೇನೆ. ಶೂ ಪೆಡಲಿಗೆ ಕಚ್ಚಿಕೊಳ್ಳುವ ವ್ಯವಸ್ಥೆ ಹಾಕಿಸಿಕೊಂಡ ಮೊದಲ ವಾರ ಸಿಗ್ನಲ್‌ನಲ್ಲಿ ನಿಂತೆ. ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಾಲನ್ನು ಮೇಲಕ್ಕೆ ಎಳೆದೆ. ಕಡಿದ ತೆಂಗಿನ ಮರದ ಹಾಗೆ ನಿಧಾನವಾಗಿ, ಗಾಂಭೀರ್ಯದಿಂದ ಪಕ್ಕಕ್ಕೆ ಒರಗಿದೆ. ಬಿಎಂಟಿಸಿ ಬಸ್ಸಿನ ಕಿಟಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಆ ದಿನ ಹ್ಯಾಂಡಲ್ ಬಿಡಲು ಸಮಯವೇ ಸಿಗದೆ ಮಣಿಕಟ್ಟು ಉಳಿಯಿತು. ವಿಜಯಪುರದವರ ಸಿದ್ಧಾಂತಕ್ಕೆ ನಾನು ಅನೈಚ್ಛಿಕ ಸಾಕ್ಷಿ.

ಪೆಡಲಿನ ಪಕ್ಕದ ಸಣ್ಣ ತಿರುಪನ್ನು ಸಡಿಲಿಸಿದರೆ ಹಿಡಿತ ಕಡಿಮೆಯಾಗುತ್ತದೆ ಎಂದು ಆಮೇಲೆ ತಿಳಿಯಿತು. ಅಂಗಡಿಯವರು ಹೇಳಿರಲಿಲ್ಲ.

ಲೆಕ್ಕದ ಪುಸ್ತಕ, ಸುರತ್ಕಲ್

ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುವ ಬಗೆ ಯಾರೂ ಹೇಳಲಿಲ್ಲ. ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು, ವೇಗ ಇಳಿಯುವ ದರವು ಬೀಳುವ ವಸ್ತುವಿನ ವೇಗ ಏರುವ ದರದ ಅರ್ಧವನ್ನು ಸ್ವಲ್ಪ ದಾಟುತ್ತಿದ್ದಂತೆ ಹಿಂದಿನ ಚಕ್ರ ಎದ್ದುಬಿಡುತ್ತದೆ. ಪೃಷ್ಠವನ್ನು ಸೀಟಿನಿಂದ ಹಿಂದಕ್ಕೆ ಸರಿಸಿ ಮೈ ತಗ್ಗಿಸಿದರೆ ಆ ಮಿತಿ ಏರುತ್ತದೆ. ಇಲ್ಲಿ ನನ್ನ ಕಾಲು ಸೆಕೆಂಡಿನ ತಕರಾರು ಇಲ್ಲ, ಏಕೆಂದರೆ ಇದು ಬೀಳುವ ಮೊದಲಿನ ಕೆಲಸ. ಯಾವ ಕೈಯ ಬ್ರೇಕು ಯಾವ ಚಕ್ರದ್ದು ಎಂದು ಹೊಸ ಸೈಕಲ್ ಹತ್ತುವ ಮೊದಲೇ ನೋಡಿಕೊಳ್ಳಿ.

ಜಾರುಬಂಡೆ, ಸಾಗರ

ನಮ್ಮ ಕಡೆಯ ಕತೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಂಬಿಟ್ಟಿಗೆಯ ದಾರಿಯ ಮೇಲೆ ಪಾಚಿ ಕಟ್ಟುತ್ತದೆ. ಅಲ್ಲಿ ಬೀಳುವ ಕಲೆಗಿಂತ ಇಳಿದು ತಳ್ಳುವ ಕಲೆ ದೊಡ್ಡದು.

ಒಂದು ಸಂಗತಿ ಮಾತ್ರ ಗಂಭೀರವಾಗಿ ಹೇಳಬೇಕು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಹಳ್ಳಿಯ ಮಕ್ಕಳು ಐದಾರು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಗುಂಪುಗುಂಪಾಗಿ ಹೋಗುತ್ತಿದ್ದರು. ನಮ್ಮ ಪಕ್ಕದ ಮನೆಯ ಹುಡುಗ ಇಳಿಜಾರಿನಲ್ಲಿ ಬಿದ್ದ. ಹ್ಯಾಂಡಲ್ ತುದಿಯ ರಬ್ಬರ್ ಹಿಡಿ ಹರಿದುಹೋಗಿ ಬರೀ ಕಬ್ಬಿಣದ ಕೊಳವೆ ಉಳಿದಿತ್ತು, ಅದು ಹೊಟ್ಟೆಗೆ ತಿವಿಯಿತು. ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಬಿಟ್ಟರೆ ಏನೂ ಇಲ್ಲ. ಎದ್ದು ಶಾಲೆಗೂ ಹೋದ. ರಾತ್ರಿ ವಾಂತಿ ಶುರುವಾಯಿತು. ಒಳಗೆ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾಗಿತ್ತು. ಬದುಕಿದ, ಈಗ ಅಡಿಕೆ ಸುಲಿಯುವ ಯಂತ್ರದ ವ್ಯಾಪಾರ ಮಾಡುತ್ತಾನೆ. ಮಕ್ಕಳ ಸೈಕಲ್ಲಿನ ಹ್ಯಾಂಡಲ್ ತುದಿಗಳನ್ನು ಇವತ್ತೇ ಹೋಗಿ ನೋಡಿ.

ಗಾಯಕ್ಕೆ ನಾವು ಕಮ್ಯುನಿಸ್ಟ್ ಸೊಪ್ಪು ಅರೆದು ಹಿಂಡುತ್ತಿದ್ದೆವು. ಡಾಕ್ಟರು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ಪ್ಲಾಸ್ಟರ್ ಮಾಮ, ದಾವಣಗೆರೆ

ಬೈಯುವುದಿಲ್ಲ, ಅರಿಶಿನ, ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಎಲ್ಲವನ್ನೂ ಕೆರೆದು ತೆಗೆದಿದ್ದೇನೆ. ತರಚು ಗಾಯಕ್ಕೆ ಬೇಕಾದದ್ದು ಹರಿಯುವ ನೀರು ಮತ್ತು ತಾಳ್ಮೆ. ಒಳಗೆ ಸೇರಿದ ಮಣ್ಣು, ಡಾಂಬರಿನ ಕಣಗಳನ್ನು ಅಂದೇ ತೊಳೆದು ತೆಗೆಯದಿದ್ದರೆ ಗಾಯ ಮಾಗಿದ ಮೇಲೆ ಹಚ್ಚೆಯಂತೆ ಉಳಿಯುತ್ತವೆ. ಒಣಗಲು ಬಿಡಬೇಡಿ, ವ್ಯಾಸಲೀನ್ ಹಚ್ಚಿ ಮುಚ್ಚಿ. ಟಿಟಿ ಚುಚ್ಚುಮದ್ದು ಯಾವಾಗ ತೆಗೆದುಕೊಂಡದ್ದು ಎಂದು ನೆನಪಿಲ್ಲದಿದ್ದರೆ ತೆಗೆದುಕೊಳ್ಳಿ.

ಜಾರುಬಂಡೆಯವರು ಹೇಳಿದ ಹ್ಯಾಂಡಲ್ ಪೆಟ್ಟು ನಿಜಕ್ಕೂ ಮೋಸಗಾರ. ಮೇದೋಜೀರಕ, ಯಕೃತ್ತು, ಗುಲ್ಮ ಯಾವುದಕ್ಕೆ ಬೇಕಾದರೂ ಆಗಬಹುದು, ಲಕ್ಷಣ ಗಂಟೆಗಳ ನಂತರ ಬರಬಹುದು. ತಲೆಗೆ ಪೆಟ್ಟಾದವರ ವಿಷಯವೂ ಹಾಗೆಯೇ. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು ಕಂಡರೆ 108ಕ್ಕೆ ಕರೆ ಮಾಡಿ.

ಕಾಲುವೆ ದಂಡೆ, ಉಟ್ರೆಕ್ಟ್

ಹಾಸನದವಳು, ಹನ್ನೊಂದು ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ಮಕ್ಕಳು ಈಜು ಕಲಿತು ಪ್ರಮಾಣಪತ್ರ ಪಡೆಯಬೇಕಾದರೆ ಬಟ್ಟೆ, ಶೂ ಹಾಕಿಕೊಂಡೇ ನೀರಿಗೆ ಇಳಿದು ಈಜಿ ತೋರಿಸಬೇಕು. ಕಾಲುವೆಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲವಲ್ಲ. ನನ್ನ ಮಗಳು ಹಾಗೆ ಮಾಡುವುದನ್ನು ದಂಡೆಯಲ್ಲಿ ಕುಳಿತು ನೋಡಿದಾಗ ನನಗೂ ಇದೇ ಪ್ರಶ್ನೆ ಬಂದಿತ್ತು: ಸೈಕಲ್ಲಿಗೆ ಇದು ಯಾಕಿಲ್ಲ? ಶಾಲೆಯಲ್ಲಿ ಸಂಚಾರ ಪರೀಕ್ಷೆ ಇದೆ, ಕೈ ತೋರಿಸುವುದು, ತಿರುಗಿ ನೋಡುವುದು ಎಲ್ಲವನ್ನೂ ಕಲಿಸುತ್ತಾರೆ. ಬೀಳುವುದನ್ನು ನಮ್ಮವಳಿಗೆ ಯಾರೂ ಕಲಿಸಲಿಲ್ಲ.

ನಾನು ಬಿದ್ದದ್ದು ಆಮ್ಸ್ಟರ್‌ಡ್ಯಾಮಿನ ಟ್ರಾಮ್ ಹಳಿಯಲ್ಲಿ. ಚಕ್ರ ಹಳಿಯ ಸೀಳಿನೊಳಗೆ ಕೂತರೆ ಹ್ಯಾಂಡಲ್ ತಿರುಗುವುದೇ ಇಲ್ಲ. ಹಳಿಯನ್ನು ಆದಷ್ಟು ಲಂಬವಾಗಿ ದಾಟಬೇಕು. ಊರಿಗೆ ಬಂದಾಗ ಚರಂಡಿಯ ಉದ್ದುದ್ದ ಸೀಳಿನ ಕಬ್ಬಿಣದ ಜಾಲರಿ ಕಂಡರೆ ಈಗಲೂ ಅದೇ ಭಯ.

ತಡವಾಗಿ ಕಲಿತವಳು, ಮೈಸೂರು

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ, ಎಡಗೈಯಲ್ಲಿ. ಆ ಗುಳಿಯಲ್ಲಿ ಒತ್ತಿದಾಗ ಕಣ್ಣಲ್ಲಿ ನೀರು ಬಂತು. ಮತ್ತೆ ಎಕ್ಸ್‌ರೇ ತೆಗೆಸಿದೆ. ಕೂದಲೆಳೆಯಷ್ಟು ಬಿರುಕು. ಪ್ಲಾಸ್ಟರ್ ಹಾಕಿದ್ದಾರೆ. ದಾವಣಗೆರೆಯ ಡಾಕ್ಟರಿಗೆ ಎರಡೂ ಕೈ ಜೋಡಿಸಿ ನಮಸ್ಕರಿಸೋಣವೆಂದರೆ ಒಂದು ಜೋಡಿಸಲು ಆಗುತ್ತಿಲ್ಲ.

ಪ್ಲಾಸ್ಟರ್ ಮಾಮ, ದಾವಣಗೆರೆ

ಒಂದೇ ಸಾಕು. ಮೂಳೆ ಕೂಡಿದ ಮೇಲೆ ಮೈದಾನಕ್ಕೆ ಹೋಗುವ ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುವುದು ಚುರುಕಾಗುತ್ತದೆ. ಅದು ಕಡಿಮೆ ಬಂದರೆ ಬೇಕೆಂದೇ ಬೀಳುವ ಅಭ್ಯಾಸ ಬೇಡವೇ ಬೇಡ. ಆಗ ಸೈಕಲ್ಲನ್ನು ಬಿಟ್ಟು ಕಾಲೂರಿ ಹೊರಬರುವುದನ್ನು ಕಲಿಯಿರಿ. ಅಡ್ಡಕಂಬಿ ಇಲ್ಲದ ಸೈಕಲ್ಲಿನಲ್ಲಿ ಅದು ಸುಲಭ. ಸೈಕಲ್ ಬೀಳಲಿ, ಗೀರಾಗಲಿ. ಅದನ್ನು ಹಿಡಿದು ನಿಲ್ಲಿಸಲು ಹೋಗಿ ಅದರ ಕೆಳಗೆ ಸಿಕ್ಕಿಕೊಂಡವರೇ ಹೆಚ್ಚು.

ತಡವಾಗಿ ಕಲಿತವಳು, ಮೈಸೂರು

ನಾಲ್ಕು ತಿಂಗಳಾಯಿತು. ಪ್ಲಾಸ್ಟರ್ ಎಂಟು ವಾರ ಇತ್ತು. ಮೂಳೆ ಪರೀಕ್ಷೆಯಲ್ಲಿ ಪರವಾಗಿಲ್ಲ ಎಂದು ಬಂತು. ಬೆಳಗಾವಿಯ ಜೂಡೊ ಗುರುಗಳು ಹೇಳಿದ ಕ್ರಮವನ್ನು ಹಾಸಿಗೆಯ ಮೇಲೆ ಶುರು ಮಾಡಿ, ನಂತರ ಮಗನ ಹಳೆಯ ಯೋಗದ ಚಾಪೆ, ನಂತರ ಹುಲ್ಲು. ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು ಮೊದಲ ದಿನ ಓಡಿ ಬಂದು ಎತ್ತಿದರು. ಎರಡನೇ ದಿನವೂ ಎತ್ತಿದರು. ಮೂರನೇ ದಿನ ಒಬ್ಬ ‘ಆಂಟಿ, ಯಾರಾದರೂ ವಿಡಿಯೋ ಮಾಡುತ್ತಿದ್ದಾರಾ?’ ಎಂದು ಕೇಳಿದ. ಈಗ ಅವರು ಅಂಕ ಕೊಡುತ್ತಾರೆ.

ಮೊನ್ನೆ ಭಾನುವಾರ ನಿಜವಾಗಿಯೂ ಬಿದ್ದೆ. ನಾಯಿಮರಿ ಅಡ್ಡ ಬಂತು. ಎಡಕ್ಕೆ ಬಿದ್ದೆ, ಗದ್ದ ಎದೆಗೆ ಹೋಗಿತ್ತು, ಅದು ಚೆನ್ನಾಗಿ ನೆನಪಿದೆ. ಎಡಗೈ ಮಾತ್ರ ಹ್ಯಾಂಡಲ್ ಬಿಟ್ಟು ಅರ್ಧ ದಾರಿ ಹೋಗಿತ್ತು. ನಡುವೆ ಏನಾಯಿತೋ, ಮೊಣಕೈ ಮಡಚಿಕೊಂಡಿತು. ಮೊಣಕೈ ತರಚಿದೆ, ತೊಡೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ನಾಯಿಮರಿ ಕ್ಷೇಮ. ಹೆಲ್ಮೆಟ್ ನೆಲಕ್ಕೆ ತಾಗಲಿಲ್ಲ.

ಲೆಕ್ಕದ ಪುಸ್ತಕ, ಸುರತ್ಕಲ್

ಒಂದು ಸಲದ ಪ್ರಯೋಗದಿಂದ ಏನನ್ನೂ ಸಾಧಿಸಲಾಗದು. ಆದರೂ ಸಂತೋಷ.

ಕೆಂಪು ಮಣ್ಣು, ಮೈಸೂರು

ಹಿಂದಲೆ ಒಣಗಿತ್ತೇ?

ತಡವಾಗಿ ಕಲಿತವಳು, ಮೈಸೂರು

ಒಣಗಿತ್ತು, ಉಸ್ತಾದರೇ. ಮುರಿದದ್ದು ಸೈಕಲ್ಲಿನ ಗಂಟೆ ಮಾತ್ರ. ಹಿತ್ತಾಳೆಯ ಬಟ್ಟಲಿನ, ಹೆಬ್ಬೆರಳಲ್ಲಿ ಒತ್ತಿದರೆ ಎರಡು ಬೀದಿಗೆ ಕೇಳುವ ಹಳೆಯ ಕಾಲದ ಗಂಟೆ ಮೈಸೂರಿನಲ್ಲಿ ಈಗಲೂ ಎಲ್ಲಾದರೂ ಸಿಗುತ್ತದೆಯೇ? ಪ್ಲಾಸ್ಟಿಕ್ಕಿನದು ಬೇಡ.

ಕೆಂಪು ಮಣ್ಣು, ಮೈಸೂರು

ನನ್ನ ಹಳೆಯ ರ‍್ಯಾಲಿ ಸೈಕಲ್ ಅಟ್ಟದ ಮೇಲಿದೆ. ಗಂಟೆ ಬಿಚ್ಚಿಡುತ್ತೇನೆ. ಅಟ್ಟ ಹತ್ತಲು ಮಾತ್ರ ಮಗ ಊರಿನಿಂದ ಬರಬೇಕು.